ಬಾ ಎಂದೋ, ಬಂದೆ ಎಂದೋ

ಚಿವಿದಾಲೆ
12 ಅಕ್ಟೋಬರ್ 1956

ಪ್ರೀತಿಯ ಡೆಲ್ಫಿನಾ,

ಆವತ್ತು ಸ್ಟೇಷನ್ನಿನಲ್ಲಿ ನೀನು ಏನಂದೆ? ನಾನು ಕೇಳಿದ್ದು ನಿನಗೆ ಕೇಳಿಸಿತು, ಅದರಲ್ಲಿ ಅನುಮಾನ ಇಲ್ಲ, ನಿನ್ನ ಮುಖ ಕೆಂಪಾಯ್ತು. ಬಾಯಿ ಆಡಿದ್ದೂ ಕಂಡಿತು. ಆದರೆ ನೀನು ರೈಲಿನ ಕಿಟಕಿಯ ಗಾಜು ಏರಿಸಿಬಿಟ್ಟಿದ್ದೆ, ಅದೇ ಹೊತ್ತಿಗೆ ಆ ಹಾಳು ಇಂಜಿನ್ನು ಸಿಳ್ಳೆ ಹಾಕಿತು. ಅಂದಿನಿಂದ ನಾನು ಔಷಧಿ ಅಂಗಡಿಯ ಕನ್ನಡಿ ಮುಂದೆ ನಿಂತು, 'ಹೂಂ' ಅಂದರೆ ತುಟಿ ಹೇಗೆ ಆಡುತ್ತೆ, 'ಇಲ್ಲ' ಅಂದರೆ ಹೇಗೆ ಆಡುತ್ತೆ ಅಂತ ಅಂದು ಅಂದು ನೋಡ್ತಾ ಇದ್ದೀನಿ. ಪೆರೀನಾ ಅತ್ತೆ ಕಂಡು, "ಹಲ್ಲುನೋವೇನೋ?" ಅಂದಳು.

ಅದಕ್ಕೇ ಮತ್ತೆ ಕೇಳ್ತೀನಿ, ಈ ಸಲ ಕಾಗದದ ಮೇಲೆ, ಸಿಳ್ಳೆ ಇಲ್ಲದೆ. ನನ್ನನ್ನು ಮದುವೆ ಆಗ್ತೀಯಾ?

ಅಂಗಡಿಯ ಮೇಲಿನ ಮಹಡಿ ಖಾಲಿ ಇದೆ. ನದಿ ಕಡೆ ಕಿಟಕಿ ಇರೋ ಕೋಣೆ ನಿನ್ನ ಪುಸ್ತಕಗಳಿಗೆ. ಅತ್ತೆ ಈಗಲೇ ಶುರು ಮಾಡಿದ್ದಾಳೆ: "ಲ್ಯಾಟಿನ್ ಓದಿದವಳು ಒಲೆ ಮುಂದೆ ನಿಂತು ಜೋಳದ ಹಿಟ್ಟಿನ ಪೊಲೆಂಟಾ ತಿರುವ್ತಾಳಾ? ತಳ ಹತ್ತಿಸಿ, ಅದರ ಮೇಲೊಂದು ಪದ್ಯ ಹೇಳ್ತಾಳೆ ಅಷ್ಟೆ." ಅವಳ ಮಾತಿಗೆ ಬೇಜಾರಾಗಬೇಡ. ನನಗೆ ತಳ ಹತ್ತಿದ್ದೇ ರುಚಿ.

ಪಾದ್ರಿ ಚೆಲ್ಸೊ ಹತ್ತಿರ ಒಟ್ಟಿಗೆ ಲ್ಯಾಟಿನ್ ಕಲಿತದ್ದು ನೆನಪಿದೆಯಾ? ನೀನು ಮುಂದಿನ ಬೆಂಚು, ನಾನು ಹಿಂದಿನದು. ನಿನ್ನ ತಲೆಗೆ ಲ್ಯಾಟಿನ್ ಹತ್ತಿತು, ನನ್ನ ತಲೆಗೆ ನಿನ್ನ ಜಡೆ. ನಿಮ್ಮಪ್ಪ ಗಿರಣಿಯಿಂದ ಮೈಯೆಲ್ಲ ಹಿಟ್ಟು ಮಾಡಿಕೊಂಡು ಬಂದು ಬಾಗಿಲಲ್ಲಿ ನಿಂತು, "ಹುಡುಗಿಗೆ ಲ್ಯಾಟಿನ್ ಕಲಿಸಿ ಪೋಪ್ ಮಾಡ್ತೀರೇನ್ರೀ?" ಅಂತ ಕೂಗಿದ್ದರು. ಆಗಲೇ ನಿನ್ನನ್ನು ಕೇಳಬೇಕಿತ್ತು. ಧೈರ್ಯ ಬರೋಕೆ ನಲವತ್ತು ದಾಟಬೇಕಾಯ್ತು.

ಬೇಗ ಬರೆ.

ಇಲಾರಿಯೊ

---

ರೋಮ್
21 ಅಕ್ಟೋಬರ್ 1956

ಇಲಾರಿಯೊ,

ನಿನ್ನ ಪತ್ರವನ್ನು ಟ್ರಾಮಿನಲ್ಲಿ ಓದುತ್ತಾ ಇಳಿಯೋ ಜಾಗವನ್ನೇ ಮರೆತೆ. ಉತ್ತರ ಕೊನೆಯಲ್ಲಿದೆ. ಅದಕ್ಕೆ ಮೊದಲು ನನ್ನ ಗೋಳು ಕೇಳು.

ಬೆಳಿಗ್ಗೆ ಶಾಲೆಯಲ್ಲಿ ಹುಡುಗಿಯರಿಗೆ ವಿಭಕ್ತಿ ಕಲಿಸ್ತೀನಿ, ಅವರು ಮೇಜಿನ ಕೆಳಗೆ ಸಿನಿಮಾ ಪತ್ರಿಕೆ ಓದ್ತಾರೆ. ಮಧ್ಯಾಹ್ನದಿಂದ ಗ್ರಂಥಾಲಯ. ಎಷ್ಟೋ ವರ್ಷದಿಂದ ಲುಪುಲುಸ್ ಅನ್ನೋ ಒಬ್ಬನ ಜೊತೆ ಸಂಸಾರ ಮಾಡ್ತಿದ್ದೀನಿ. ನಗಬೇಡ. ರೋಮನ್ನರ ಕಾಲದಲ್ಲಿ ನಮ್ಮ ಊರ ಹತ್ತಿರದ ಅಕ್ವಿಲೇಯಾದಲ್ಲಿ ಧಾನ್ಯದ ಉಗ್ರಾಣ ನೋಡಿಕೊಳ್ತಿದ್ದ. ಹೆಂಡತಿ ಇಲ್ಲಿ ರೋಮಿನಲ್ಲಿ. ಅವನು ಅವಳಿಗೆ ಬರೆದ ಪತ್ರಗಳನ್ನು ನಾನು ನಮ್ಮ ಮಾತಿಗೆ ತರ್ತಾ ಇದ್ದೀನಿ. ಎಲ್ಲ ಆಯ್ತು, ಕೊನೆಯ ಪತ್ರದ ಕೊನೆಯ ಮಾತಿನಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ.

ಪಾದ್ರಿ ಚೆಲ್ಸೊ ಹೇಳ್ತಿದ್ದರಲ್ಲ, ರೋಮನ್ನರಿಗೆ ಒಂದು ಅಭ್ಯಾಸ ಇತ್ತು. ಪತ್ರ ಬರೆಯುವಾಗ ತಮ್ಮ ಗಳಿಗೆಯಲ್ಲಿ ನಿಂತು ಬರೀತಿರಲಿಲ್ಲ, ಓದುವವರ ಗಳಿಗೆಯಲ್ಲಿ ನಿಂತು ಬರೀತಿದ್ದರು. ಪತ್ರ ತಲುಪುವ ಹೊತ್ತಿಗೆ ಮಳೆ ನಿಂತಿರುತ್ತಲ್ಲ, ಅದಕ್ಕೆ 'ಮಳೆ ಬರ್ತಿತ್ತು' ಅಂತಲೇ ಬರೆಯೋದು. ಕಿಟಕಿಯಾಚೆ ಮಳೆ ಸುರೀತಾನೇ ಇರ್ತಿತ್ತು! ನಮಗೇನು ಇದು ಹೊಸದಾ? ಅಮ್ಮ ಕೆಳಗಿಂದ ಕರೆದರೆ ನಾನು ಅಟ್ಟದ ಮೇಲಿಂದ "ಬಂದೆ, ಬಂದೆ" ಅಂತಿದ್ದೆ, ಕೈಯಲ್ಲಿದ್ದ ಪುಸ್ತಕ ಇನ್ನೂ ಮುಚ್ಚಿರ್ತಿರಲಿಲ್ಲ.

ಲುಪುಲುಸ್‌ನ ಕೊನೆಯ ಮಾತು ಹೀಗಿದೆ: ತೆ ಎಕ್ಸ್‌ಪೆಕ್ತಾಬಾಮ್. ಅಕ್ಷರಕ್ಕೆ ಅಕ್ಷರ ಇಟ್ಟರೆ, 'ನಿನಗಾಗಿ ಕಾಯುತ್ತಿದ್ದೆ'. ಪ್ರಕಾಶನದ ಸಂಪಾದಕ ಬ್ರುಸಾಫೆರ್ರೊ ಅಂತಾನೆ, "ಕಾಯ್ತಿದ್ದ, ಸಾಕಾಯ್ತು, ಬಿಟ್ಟ. ಹಾಗೇ ಬರೆಯಿರಿ ಮೇಡಂ." ನಾನು ಅಂತೀನಿ, ಇಲ್ಲ ಕಣಯ್ಯ, ಇವನು ಈಗಲೂ ಕಾಯ್ತಾ ಇದ್ದಾನೆ, ಪತ್ರದ ಕಾಲ ಇದು. ಅವನು ಒಪ್ಪಲ್ಲ, ನಾನು ಬಿಡಲ್ಲ. ಪುಸ್ತಕ ಅಲ್ಲೇ ನಿಂತಿದೆ.

ಸರಿ, ಈಗ ನಿನ್ನ ಪ್ರಶ್ನೆ. ಇಂಥ ಮಾತು ನನ್ನ ಬಾಯಲ್ಲಿ ನೆಟ್ಟಗೆ ಬರಲ್ಲ. ಗಾಜು ಏರಿಸಿದ್ದೂ ಆ ನಾಚಿಕೆಗೇ. ನನ್ನ ಹಳಬರ ರೀತಿಯಲ್ಲೇ ಹೇಳಿಬಿಡ್ತೀನಿ.

ಇಲಾರಿಯೊ, ತೆ ಎಕ್ಸ್‌ಪೆಕ್ತಾಬಾಮ್.

ಡೆಲ್ಫಿನಾ

ಗಂಟಲು ಕೆಟ್ಟಿದೆ. ನಿಮ್ಮ ಅಂಗಡಿಯ ಜೇನಿನ ಗುಳಿಗೆ ಒಂದು ಡಬ್ಬಿ ಕಳಿಸು.

---

ಚಿವಿದಾಲೆ
30 ಅಕ್ಟೋಬರ್ 1956

ಮಾನ್ಯ ಪ್ರೊಫೆಸರ್ ಜೋರ್ಜುತ್ ಅವರಿಗೆ,

ತಮ್ಮ ಪತ್ರ ತಲುಪಿತು. ಹಳೇ ಶಾಲೆಯ ನಿಘಂಟನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಕೊನೆಯ ಮಾತನ್ನು ನಾನೇ ಬಿಡಿಸಿಕೊಂಡೆ. ನನ್ನ ಮಟ್ಟಿಗೆ ಅದು ಸಣ್ಣ ಸಾಧನೆಯಲ್ಲ. ಅರ್ಥವಾಯಿತು. ಇಷ್ಟು ಮರ್ಯಾದೆಯಿಂದ, ಇಷ್ಟು ಚಿಕ್ಕದಾಗಿ ತಿಳಿಸಿದ್ದಕ್ಕೆ ಕೃತಜ್ಞ. ಕಳೆದ ವಿಷಯವನ್ನು ಇನ್ನು ಎತ್ತುವುದಿಲ್ಲ.

ಗುಳಿಗೆ ಕಳಿಸಿದ್ದೇನೆ. ಊಟವಾದ ಮೇಲೆ ಒಂದೊಂದು, ಅಗಿಯದೆ ಚೀಪಬೇಕು.

ತಮ್ಮ ವಿಶ್ವಾಸಿ,
ಇಲಾರಿಯೊ ಪಾಸ್ಕೊಲಿನ್
ಔಷಧಿ ವ್ಯಾಪಾರಿ

---

ರೋಮ್
9 ನವೆಂಬರ್ 1956

ಮಾನ್ಯ ಔಷಧಿ ವ್ಯಾಪಾರಿಗಳೇ,

ಗುಳಿಗೆ ತಲುಪಿತು. ಪತ್ರವೂ ತಲುಪಿತು. ಗುಳಿಗೆ ಗಂಟಲಿಗಿಳಿಯಿತು, ಪತ್ರ ಇಳಿಯಲಿಲ್ಲ. ಅದನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದೆ, ತಲೆಬುಡ ತಿಳಿಯಲಿಲ್ಲ. ಕೃತಜ್ಞತೆಯೇ? ನನಗೆ? ಯಾವಾಗಿನಿಂದ ನಾನು ನಿಮಗೆ 'ತಾವು' ಆದೆ? ಅತ್ತೆ ಏನಾದರೂ ಕಿವಿ ಊದಿದರಾ? ಅಥವಾ ಕೇಳಿದ ಮೇಲೆ ನಿಮಗೇ ಹೆದರಿಕೆ ಆಯಿತಾ?

ಹೇಳಬೇಕಾದ್ದನ್ನು ನಾನು ಹೇಳಿ ಆಗಿದೆ. ಎರಡನೇ ಸಲ ಹೇಳುವ ಜಾತಿಯವಳಲ್ಲ ನಾನು, ಅದು ನಿಮಗೆ ಗೊತ್ತು.

ಡೆಲ್ಫಿನಾ ಜೋರ್ಜುತ್

---

ಚಿವಿದಾಲೆ
3 ಡಿಸೆಂಬರ್ 1956

ಪ್ರೊಫೆಸರ್ ಅವರಿಗೆ,

ಒಂದು ತಿಂಗಳು ಬರೆಯಲಿಲ್ಲ. ಹೇಳಿ ಆಗಿದೆ ಅಂದ ಮೇಲೆ ಬರೆಯುವುದೇನಿತ್ತು?

ಈಗ ಬರೆಯೋಕೆ ಕಾರಣ ಇದೆ. ಪೆರೀನಾ ಅತ್ತೆ ಉಡೀನೆಯಿಂದ ಒಂದು ಸಂಬಂಧ ತಂದಿದ್ದಾಳೆ. ನೊರ್ಮಾ ಅಂತ, ವಿಧವೆ, ಕಬ್ಬಿಣದ ಅಂಗಡಿ ಇಟ್ಟಿದ್ದವನ ಹೆಂಡತಿ. ಒಳ್ಳೆಯವಳು. ಭಾನುವಾರ ಬರ್ತಾಳೆ, ಬರುವಾಗ ಅಕ್ರೋಟು ತುಂಬಿದ ಸಿಹಿ ರೊಟ್ಟಿ, ಗುಬಾನಾ, ತರ್ತಾಳೆ. ಅತ್ತೆ ಒಂದೇ ಸಮ ಜೀವ ತಿಂತಾಳೆ: "ಹೂಂ ಅನ್ನೋ, ಗುಬಾನಾ ಒಣಗೋದರೊಳಗೆ ಹೂಂ ಅನ್ನೋ." ಜನವರಿ ಆರು, ಮೂರು ರಾಯರ ಹಬ್ಬದೊಳಗೆ ಉತ್ತರ ಕೊಡ್ತೀನಿ ಅಂದಿದ್ದೀನಿ.

ಅವಳಿಗೆ ಹೂಂ ಅನ್ನೋ ಮೊದಲು ನಿಮಗೆ ಒಂದು ಮಾತು ಹೇಳದಿದ್ದರೆ ಎದೆ ಮೇಲಿನ ಕಲ್ಲು ಇಳಿಯಲ್ಲ. ನಾನೂ ನಿಮಗಾಗಿ ಕಾಯುತ್ತಿದ್ದೆ. ಅಷ್ಟೇ.

ಇಲಾರಿಯೊ

---

ರೋಮ್
14 ಡಿಸೆಂಬರ್ 1956

ಪೆದ್ದ! ನನ್ನ ಪೆದ್ದ ಇಲಾರಿಯೊ!

ಕೊನೆಗೂ ಅಂದೆಯಲ್ಲ! ಅದೂ ನನ್ನ ಮಾತಿಗೆ ಮಾತು ಜೋಡಿಸಿ, ನಮ್ಮ ಹಳಬರ ಕಾಲದಲ್ಲೇ! 'ಕಾಯುತ್ತಿದ್ದೆ'! ಹಿಂದಿನ ಬೆಂಚಿನಲ್ಲಿ ಕೂತು ಇಷ್ಟೆಲ್ಲ ಕೇಳಿಸಿಕೊಂಡಿದ್ದೆಯಾ ಕಳ್ಳ? ಆ 'ತಾವು', ಆ 'ಕೃತಜ್ಞ' ಎಲ್ಲ ಏನು ನಾಟಕ ಅಂತ ಈಗಲೂ ಅರ್ಥ ಆಗ್ತಿಲ್ಲ, ಹಾಳಾಗಿ ಹೋಗಲಿ, ಕ್ಷಮಿಸಿದೆ.

ಬ್ರುಸಾಫೆರ್ರೊ ಹತ್ತಿರ ಹೋಗಿ, "ಪತ್ರದ ಕಾಲಕ್ಕೆ ನನ್ನ ಹತ್ತಿರ ಜೀವಂತ ಸಾಕ್ಷಿ ಇದೆ ಕಣ್ರೀ" ಅಂದೆ. ಅವನು ಕನ್ನಡಕ ತೆಗೆದು ನನ್ನ ಮುಖ ನೋಡಿದ. ಅವನಿಗೇನು ಗೊತ್ತು.

ಪಾಪ, ನೊರ್ಮಾಗೆ ಒಳ್ಳೆ ಮಾತಲ್ಲಿ ಬೇಡ ಅನ್ನು. ಗುಬಾನಾ ಮಾತ್ರ ಬೇಡ ಅನ್ನಬೇಡ.

ನಿನ್ನ ಡೆಲ್ಫಿನಾ

---

ಚಿವಿದಾಲೆ
2 ಜನವರಿ 1957

ಡೆಲ್ಫಿನಾ,

ನಿನ್ನ ಪತ್ರ ಬಂದ ದಿನದಿಂದ ನಾನು ನಾನಾಗಿಲ್ಲ. ಏನೇ ಇದು? ಅಕ್ಟೋಬರಿನಲ್ಲಿ ನಾನು ಕೇಳಿದರೆ 'ಕಾಯುತ್ತಿದ್ದೆ' ಅಂದೆ. ಅಂದರೆ ಆಗ ಇತ್ತು, ಈಗ ಇಲ್ಲ. ನೋವು ನುಂಗಿಕೊಂಡೆ. ನವೆಂಬರಿನಲ್ಲಿ ಹೇಳಿ ಆಯ್ತು, ಮತ್ತೆ ಹೇಳಲ್ಲ ಅಂದೆ. ಅದನ್ನೂ ನುಂಗಿಕೊಂಡೆ. ಈಗ ನಾನು ವಿದಾಯ ಹೇಳಿದರೆ ನಗ್ತೀಯ, ಪೆದ್ದ ಅಂತೀಯ, ನೊರ್ಮಾಗೆ ಬೇಡ ಅನ್ನು ಅಂತೀಯ. ನೀನೂ ಬರಲ್ಲ, ಬರೋಳನ್ನೂ ಬಿಡಲ್ಲ!

ಅತ್ತೆಗೆ ಪತ್ರ ಓದಿ ಹೇಳಿದೆ. "ಜಾಸ್ತಿ ಓದಿದರೆ ಹೀಗೇ ಆಗೋದು, ಬಿಸಿ ಕಷಾಯ ಕಳಿಸು" ಅಂದಳು.

ಹಬ್ಬಕ್ಕೆ ನಾಲ್ಕೇ ದಿನ ಇದೆ. ಅಡ್ಡಗೋಡೆ ಮೇಲೆ ದೀಪ ಇಡಬೇಡ ಡೆಲ್ಫಿನಾ. ಬೇಕೋ ಬೇಡವೋ?

ಇಲಾರಿಯೊ

---

ರೋಮ್
4 ಜನವರಿ 1957, ತುರ್ತು ಅಂಚೆ

ಇಲಾರಿಯೊ,

ಅಂಚೆ ಕಚೇರಿಯಲ್ಲೇ ನಿಂತು ಬರೀತಿದ್ದೀನಿ, ಅಕ್ಷರ ನೋಡಿ ನಗಬೇಡ.

ನನ್ನ ಅಕ್ಟೋಬರಿನ ಪತ್ರದ ಮಧ್ಯದ ಹಾಳೆಗಳನ್ನು ಓದಿದ್ದೀಯಾ, ಇಲ್ಲವಾ?

ಓದು. ಓದೋವರೆಗೆ ಯಾರಿಗೂ, ಯಾವ ವಿಧವೆಗೂ, ಹೂಂ ಅನ್ನಬೇಡ.

ಡೆಲ್ಫಿನಾ

---

ಚಿವಿದಾಲೆ
8 ಜನವರಿ 1957

ನನ್ನ ಡೆಲ್ಫಿನಾ,

ಓದಿರಲಿಲ್ಲ.

ಉತ್ತರ ಕೊನೆಯಲ್ಲಿದೆ ಅಂತ ನೀನೇ ಬರೆದಿದ್ದೆಯಲ್ಲ! ಅಂಥ ಉತ್ತರಕ್ಕೆ ಕಾಯೋನು ಮಧ್ಯದಲ್ಲಿ ನಿಲ್ತಾನಾ? 'ರೋಮನ್ನರಿಗೆ ಒಂದು ಅಭ್ಯಾಸ ಇತ್ತು' ಅಂತ ಕಣ್ಣಿಗೆ ಬಿತ್ತು. ಅಯ್ಯೋ, ವ್ಯಾಕರಣ, ಅಂತ ಹಾಳೆ ಮಗುಚಿಬಿಟ್ಟೆ.

ಮೊನ್ನೆ ಓದಿದೆ. ಅಂಗಡಿಯಲ್ಲಿ ನಿಂತೇ ಓದಿದೆ. ಗಿರಾಕಿ ಕೆಮ್ಮಿನ ಔಷಧಿ ಕೇಳಿದರೆ ಭೇದಿ ಔಷಧಿ ಕೊಟ್ಟುಬಿಟ್ಟೆ. ಪುಣ್ಯಕ್ಕೆ ಅವಳು ಮೂಸಿ ನೋಡಿ ವಾಪಸ್ ತಂದು ಮುಖದ ಮೇಲೆ ಬೈದಳು. ಬೈಸಿಕೊಳ್ಳುವಾಗಲೂ ನಾನು ನಗ್ತಾ ಇದ್ದೆನಂತೆ.

ಪಾದ್ರಿ ಚೆಲ್ಸೊ ಹತ್ತಿರ ಓಡಿದೆ. ಕಣ್ಣು ಮಂಜಾಗಿದೆ, ಕೋಲು ಮಾತ್ರ ಕೈಯಲ್ಲೇ ಇದೆ. ಎಲ್ಲ ಕೇಳಿ ಕಾಲಿಗೆ ಒಂದು ಬಿಟ್ಟರು. "ಆಗಲೂ ನೀನು ಪಾಠವನ್ನು ಕೊನೆಯಿಂದಲೇ ಓದ್ತಿದ್ದೆ ಕತ್ತೆ!"

ನೊರ್ಮಾಗೆ ಹೇಳಿ ಆಯ್ತು. ಅವಳು ಅಳಲಿಲ್ಲ, ಗುಬಾನಾದ ತಟ್ಟೆ ತೊಳೆಸಿಕೊಂಡು ಹೋದಳು. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಮನೆ ತಣ್ಣಗಿದೆ.

ಇನ್ನು ನಮಗೆ ಭೂತಕಾಲ ಸಾಕು ಡೆಲ್ಫಿನಾ. ನನಗೆ ಗೊತ್ತಿರೋದು ಔಷಧಿ ಚೀಟಿಯ ಲ್ಯಾಟಿನ್. ಅದರಲ್ಲಿ ಬರೀ ಆಜ್ಞೆ. ಬೆರೆಸು, ಕೊಡು, ಹೆಸರು ಬರೆ. ಯಾವ ಡಾಕ್ಟರೂ 'ಬೆರೆಸುತ್ತಿದ್ದೆ' ಅಂತ ಬರೆಯಲ್ಲ. ಮಹಡಿಗೆ ಸುಣ್ಣ ಬಳಿಸ್ತಾ ಇದ್ದೀನಿ. ಅದು ಒಣಗಿದ ದಿನ ನಿನಗೆ ತಂತಿ ಕೊಡ್ತೀನಿ, ನಿನ್ನ ಭಾಷೆಯಲ್ಲೇ, ಒಂದೇ ಪದ. ತಪ್ಪು ತಿಳಿಯೋಕೆ ಜಾಗವೇ ಇರಬಾರದು.

ನಿನ್ನ ಇಲಾರಿಯೊ

---

ತಂತಿ
ಚಿವಿದಾಲೆ, 18 ಫೆಬ್ರವರಿ 1957

VENI

---

ರೋಮ್, ಸ್ಟೇಷನ್ನಿನ ಕಾಯುವ ಕೋಣೆ
20 ಫೆಬ್ರವರಿ 1957

ಇಲಾರಿಯೊ,

ಎಲ್ಲಿದ್ದೀಯ?

ನಿನ್ನ ತಂತಿ ಬಂತು. 'ಬಂದೆ' ಅಂತ. ಓದಿದ ತಕ್ಷಣ ಅರ್ಥವಾಯ್ತು, ಭೂತಕಾಲ ಸಾಕು ಅಂದಿದ್ದವನೇ ಪಾಠ ಕಲಿತಿದ್ದಾನೆ, ಪತ್ರದ ಕಾಲದಲ್ಲೇ ಬರೆದಿದ್ದಾನೆ, ಹೊರಟಿದ್ದಾನೆ. ಶಾಲೆಗೆ ರಜೆ ಹಾಕಿ ನಿನ್ನೆಯಿಂದ ಇಲ್ಲಿ ಉತ್ತರದಿಂದ ಬರೋ ಪ್ರತಿ ರೈಲಿನ ಬಾಗಿಲು ನೋಡ್ತಾ ಇದ್ದೀನಿ. ಪೋರ್ಟರುಗಳಿಗೆ ನನ್ನ ಗುರುತು ಸಿಕ್ಕಿಬಿಟ್ಟಿದೆ. ಒಬ್ಬ ಈಗ ಬಂದು, "ಇವತ್ತೂ ಬರಲಿಲ್ವಾ ಅಮ್ಮ?" ಅಂದ.

ನಿನಗೆ ಒಂದು ಮಾತು ಹೇಳ್ತೀನಿ, ಹಳಬರ ರೀತಿ ಗೀತಿ ಏನೂ ಇಲ್ಲದೆ. ಪಡುವಾದಲ್ಲಿ ನನಗೆ ಪದವಿ ಕೊಟ್ಟ ದಿನ ಅಪ್ಪ ಬರಲಿಲ್ಲ, ಗಿರಣಿ ಬಿಟ್ಟು ಬರೋಕಾಗಲ್ಲ ಅಂದ. ಮೊದಲ ಪುಸ್ತಕ ಅಚ್ಚಾದಾಗ ಊರಿಗೆ ನಾನೇ ಹೊತ್ತುಕೊಂಡು ಹೋದೆ, ಅಮ್ಮ ಅದರ ಮೇಲೆ ಹಾಲಿನ ಪಾತ್ರೆ ಇಟ್ಟಳು. ಎಲ್ಲರ ಹತ್ತಿರ ನಾನೇ ಹೋಗಿದ್ದೀನಿ. ನನ್ನ ಹತ್ತಿರ, ನನ್ನ ಊರಿಗೆ, ನನ್ನ ಪುಸ್ತಕಗಳ ಮಧ್ಯಕ್ಕೆ ಯಾರೂ ಬಂದಿಲ್ಲ. ಅದಕ್ಕೇ ಆ ತಂತಿ ನೋಡಿ ಅಂಚೆಯವನ ಎದುರೇ ಅತ್ತುಬಿಟ್ಟೆ.

ನೀನು ಬರದೇ ಇದ್ದರೆ, ಯಾಕೆ 'ಬಂದೆ' ಅಂದೆ?

ಡೆಲ್ಫಿನಾ

---

ಚಿವಿದಾಲೆ
25 ಫೆಬ್ರವರಿ 1957

ಡೆಲ್ಫಿನಾ,

ನಾನು 'ಬಾ' ಅಂದದ್ದು ಕಣೇ!

ಇಗರ್ಜಿಯಲ್ಲಿ ಪವಿತ್ರಾತ್ಮವನ್ನು ಕರೀತೀವಲ್ಲ, ಅದೇ ಪದ. ಹುಟ್ಟಿದಾಗಿನಿಂದ ಬಾಯಲ್ಲಿದೆ. ಇದರಲ್ಲಾದರೂ ಗೊಂದಲ ಇರಲ್ಲ ಅಂದುಕೊಂಡೆ. ನೀನು ಅಲ್ಲಿ ಬಾಗಿಲು ನೋಡ್ತಾ ಇದ್ದಾಗ ನಾನು ಇಲ್ಲಿ ಹೊಸ ಹ್ಯಾಟು ಹಾಕಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ಅತ್ತೆಯೂ ಬಂದಿದ್ದಳು, ಮಾತಿಲ್ಲದೆ, ಕೈಯಲ್ಲಿ ತಾನೇ ಮಾಡಿದ ಗುಬಾನಾ ಹಿಡಿದು. ಕೊನೆಯ ರೈಲೂ ಖಾಲಿ ಆದಾಗ ಬಾಯಿ ಬಿಟ್ಟಳು, "ನಿಮ್ಮಿಬ್ಬರಿಗೂ ಬೈಯೋಕೆ ಆ ಭಾಷೆಯಲ್ಲಿ ಏನಾದರೂ ಪದ ಇದೆಯೇನೋ?"

ಪಾದ್ರಿ ಚೆಲ್ಸೊ ತಂತಿಯ ವಿಷಯ ಕೇಳಿ ಎಷ್ಟು ನಕ್ಕರೆಂದರೆ ನೀರು ಕುಡಿಸಬೇಕಾಯ್ತು. ಹ್ರಸ್ವ 'ವೆ' ಆದರೆ ಬಾ, ದೀರ್ಘ 'ವೇ' ಆದರೆ ಬಂದೆ, ತಂತಿಯಲ್ಲಿ ಹ್ರಸ್ವ ದೀರ್ಘ ಎಲ್ಲಿಂದ ತರ್ತೀಯೋ ಅಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗಾಯ್ತು ನಮ್ಮ ಕಥೆ.

ಆದರೆ ನಿನ್ನ ಪತ್ರದ ಕೊನೆಗೆ ಬಂದಾಗ ನಗು ಹೋಯ್ತು. ಈ ಸಲ ಮಧ್ಯದ ಹಾಳೆಯನ್ನೂ ಓದಿದೆ, ಎರಡು ಸಲ. ನಾನು ಮಹಡಿಗೆ ಸುಣ್ಣ ಬಳಿಸಿದೆ, ಕಿಟಕಿ ಸರಿ ಮಾಡಿಸಿದೆ, ನಿನ್ನನ್ನು ಮಾತ್ರ ಕೇಳಲೇ ಇಲ್ಲ. ಬರೋಳು ನೀನೇ ಅಂತ ಯಾರು ಹೇಳಿದರು ನನಗೆ? ನಿಮ್ಮಪ್ಪನಿಗೆ ಗಿರಣಿ ಇದ್ದ ಹಾಗೆ ನನಗೆ ಈ ಅಂಗಡಿ. ನನಗೆ ನಾಚಿಕೆ ಆಗ್ತಿದೆ ಡೆಲ್ಫಿನಾ.

ಏನು ಮಾಡಲಿ, ನೀನೇ ಹೇಳು.

ಇಲಾರಿಯೊ

---

ತಂತಿ
ರೋಮ್, 10 ಮಾರ್ಚ್ 1957

VENI

---

ಮೆಸ್ತ್ರೆ ಸ್ಟೇಷನ್
12 ಮಾರ್ಚ್ 1957

ಡೆಲ್ಫಿನಾ,

ಇದೇನೇ ಮಾಡಿದೆ ನೀನು! ಇಷ್ಟೆಲ್ಲ ಆದ ಮೇಲೂ ಅದೇ ಪದ! 'ಬಾ' ಅಂದೆಯೋ, 'ಬಂದೆ' ಅಂದೆಯೋ? ಬಾ ಅಂದಿದ್ದರೆ ನಾನು ಹೊರಡಬೇಕು. ಬಂದೆ ಅಂದಿದ್ದರೆ ನಾನು ಅಲ್ಲೇ ನಿಂತಿರಬೇಕು. ಪಾದ್ರಿಯನ್ನು ಕೇಳೋಣ ಅಂತ ಅರ್ಧ ದಾರಿ ಹೋದೆ, ವಾಪಸ್ ಬಂದೆ. ಇದು ಅವರನ್ನು ಕೇಳೋ ವಿಷಯ ಅಲ್ಲ ಅನ್ನಿಸಿತು. ಯಾವ ಅರ್ಥವಾದರೂ ಆಗಲಿ, ಈ ಸಲ ನಾನು ಹೊರಡಬೇಕು.

ಅಂಗಡಿಗೆ ಬೀಗ ಹಾಕಿದೆ. ಅಪ್ಪ ಸತ್ತ ದಿನ ಬಿಟ್ಟರೆ ಅದಕ್ಕೆ ಹಗಲಲ್ಲಿ ಬೀಗ ಬಿದ್ದದ್ದೇ ಇಲ್ಲ. ನೀನೇನಾದರೂ ಅಲ್ಲಿ ಬಂದು ಇಳಿದರೆ ಅಂತ ಅತ್ತೆಯನ್ನು ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಿದ್ದೀನಿ.

"ಅವಳು ಬಂದರೆ ಏನಂತ ಹೇಳಲೋ?"

"ಇಲಾರಿಯೊ ಹೋದ ಅನ್ನು."

"ಬಿಡ್ತು ಅನ್ನು! ಹೋದ ಅಂದರೆ ಸತ್ತ ಅಂತ ತಿಳಿದು ಅಲ್ಲೇ ಎದೆ ಒಡೆದುಕೊಳ್ತಾಳೆ. ನಿಮ್ಮಿಬ್ಬರಿಗೆ ಒಂದು ಮಾತಾದರೂ ನೆಟ್ಟಗೆ ತಲುಪಿದ್ದುಂಟಾ? ಹೋಗಿ ಬರ್ತಾನಂತೆ ಅಂತೀನಿ. ನಡಿ ನಡಿ, ರೈಲು ಬಂತು."

ಇಲ್ಲಿ ಮೆಸ್ತ್ರೆಯಲ್ಲಿ ರೋಮ್ ರೈಲಿಗೆ ಕಾಯ್ತಾ, ಸೂಟ್‌ಕೇಸಿನ ಮೇಲೆ ಕಾಗದ ಇಟ್ಟುಕೊಂಡು ಬರೀತಾ ಇದ್ದೀನಿ. ಅಲ್ಲ, ನಿನ್ನ ರೀತಿಯಲ್ಲಿ ಹೇಳೋದಾದರೆ ಬರೀತಾ ಇದ್ದೆ. ರೋಮಿನಲ್ಲಿ ನೀನು ಇಲ್ಲದೇ ಹೋದರೆ ಏನು ಮಾಡೋದು ಅಂತ ಹೆದರಿಕೆ ಇದೆ. ಇದ್ದರೆ ಏನು ಹೇಳೋದು ಅಂತ ಅದಕ್ಕಿಂತ ಜಾಸ್ತಿ ಹೆದರಿಕೆ. ಎಲ್ಲಿ ಇರೋದು, ಅಂಗಡಿ ಏನು, ನಿನ್ನ ಗ್ರಂಥಾಲಯ ಏನು, ಒಂದೂ ಗೊತ್ತಿಲ್ಲ. ಆ ಲುಪುಲುಸ್‌ನ ಹೆಂಡತಿ ಕೊನೆಗೆ ಬಂದಳಾ? ಅದನ್ನಾದರೂ ಮೊದಲು ಕೇಳಬೇಕು.

ಎದುರಿನ ಪ್ಲಾಟ್‌ಫಾರ್ಮಿಗೆ ದಕ್ಷಿಣದಿಂದ ಒಂದು ರೈಲು ಬಂದು ನಿಂತಿದೆ. ಉಡೀನೆಗೆ ಹೋಗೋದಂತೆ. ಜನ ಇಳೀತಾ ಇದ್ದಾರೆ. ಮೂರನೇ ಡಬ್ಬಿಯ ಕಿಟಕಿಯಲ್ಲಿ ಒಬ್ಬಳು ಪುಸ್ತಕದೊಳಗೆ ಮುಖ ಹುದುಗಿಸಿ ಕೂತಿದ್ದಾಳೆ. ಕತ್ತಿನ ಮೇಲೆ ಜಡೆಯ ಗಂಟು. ಮಡಿಲಲ್ಲಿ ಕಾಗದದ ಕಟ್ಟು, ಪಕ್ಕದಲ್ಲಿ ದೊಡ್ಡ ಪೆಟ್ಟಿಗೆ.

ಡೆಲ್ಫಿನಾ! ತಲೆ ಎತ್ತೇ!

ಎತ್ತಿದೆ. ನೋಡಿದೆ. ನಿನ್ನ ಬಾಯಿ ಆಡ್ತಾ ಇದೆ, ಏನೋ ಹೇಳ್ತಾ ಇದ್ದೀಯ, ಗಾಜು ಮೇಲಿದೆ, ಒಂದು ಅಕ್ಷರ ಕೇಳಿಸ್ತಿಲ್ಲ. ಇಂಜಿನ್ನು ಸಿಳ್ಳೆ ಹಾಕ್ತಿದೆ. ಈ ಸಲ ಅದಕ್ಕೆ ಕಾಯಲ್ಲ ನಾನು. ಈ ಪತ್ರ ಅಂಚೆಗೆ ಹಾಕಲ್ಲ, ಕೈಗೇ ಕೊಡ್ತೀನಿ. ಗಾಜು ಇಳಿಸು.

ಬಂದೆ, ಬಂದೆ.